ಮಾವಿನ ಹೂವೆಲ್ಲ ಕಾಯಿಯಾಗದೇಕೆ?

ಕೃಷ್ಣಗಿರಿ ಸೀಮೆಯಲ್ಲಿ ಮಾವು ಹೂ ಬಿಟ್ಟಾಗ ಮರದ ಬುಡವೆಲ್ಲ ಉದುರಿದ ಹೂವಿನಿಂದ ಮುಚ್ಚಿಹೋಗುತ್ತದೆ. ಇಷ್ಟೊಂದು ಹೂ ನೆಲದ ಪಾಲಾಯಿತಲ್ಲ ಎಂದು ಬೆಳೆಗಾರ ಕಳವಳಪಡುವುದು ಸಹಜ. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಈ ಜಿಲ್ಲೆಯಲ್ಲಿ, ಹೊಸೂರು, ಡೆಂಕಣಿಕೋಟೆಗಳ ಸುತ್ತ ನಮ್ಮಂತೆಯೇ ಕನ್ನಡ ಮನೆಮಾತಿನವರು ಹಲವರಿದ್ದಾರೆ. ಜಿಲ್ಲೆಗೆ ಹೆಸರು ತಂದ ಬೆಳೆ ಮಾವು. ಅದರಲ್ಲೂ ಗಿಣಿಮೂತಿ ಮಾವು ಹೆಚ್ಚಾಗಿ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಹೂ ಕೈಕೊಟ್ಟರೆ ವರ್ಷದ ಆದಾಯವೇ ಹೋಯಿತು.

ಕುಂಬಳದ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಎಂಬುದನ್ನು ನಮ್ಮ ಹೆಂಗಸರೆಲ್ಲ ಬಲ್ಲರು. ತೆಂಗಿನ ಹೊಂಬಾಳೆಯಲ್ಲೂ ಹಾಗೆಯೇ. ಮಾವಿನದು ಮೂರನೆಯ ದಾರಿ. ಒಂದೇ ಗೊಂಚಲಿನಲ್ಲಿ ಬರೀ ಗಂಡು ಹೂಗಳೂ ಇರುತ್ತವೆ, ಗಂಡು ಹೆಣ್ಣು ಎರಡೂ ಕೂಡಿದ ಹೂಗಳೂ ಇರುತ್ತವೆ. ಕಾಯಿ ಕಚ್ಚುವುದು ಎರಡನೆಯದರಲ್ಲಿ ಮಾತ್ರ. ಕನ್ನಡಕ ಹಾಕಿಕೊಂಡು ನೋಡಿದರೆ ವ್ಯತ್ಯಾಸ ಕಾಣುತ್ತದೆ: ಕೂಡಿದ ಹೂವಿನ ನಡುವೆ ಸಾಸಿವೆಯಂಥ ಒಂದು ಪುಟ್ಟ ಗುಂಡು ಇರುತ್ತದೆ. ಅದೇ ಮುಂದಿನ ಮಿಡಿ. ಗಂಡು ಹೂವಿನಲ್ಲಿ ಅದು ಇಲ್ಲ. ಕೇಸರಗಳು ಐದಿದ್ದರೂ ಸಾಮಾನ್ಯವಾಗಿ ಪರಾಗ ಕೊಡುವುದು ಒಂದೇ, ಮಿಕ್ಕವು ಹೆಸರಿಗಷ್ಟೇ.

ಹಾಗಾದರೆ ಗಂಡು ಹೂ ದಂಡವೇ? ಅಲ್ಲ. ಸಾವಿರಾರು ಹೂವಿನ ಗೊಂಚಲಾದರೂ ಅದು ಹೊರಬಲ್ಲದ್ದು ಒಂದೋ ಎರಡೋ ಹಣ್ಣು. ಆದ್ದರಿಂದ ಕಾಯಿಯ ಅಂಗಕ್ಕೆ ಖರ್ಚು ಮಾಡದೆ, ಪರಾಗ ಮತ್ತು ಮಕರಂದವಿಟ್ಟು ಕೀಟಗಳನ್ನು ಕರೆಯುವ ಅಗ್ಗದ ಹೂಗಳನ್ನು ಮರ ಹೇರಳವಾಗಿ ಬಿಡುತ್ತದೆ. ಯಾವ ತಳಿಯಲ್ಲಿ ಯಾವ ಹೂ ಎಷ್ಟು ಎಂಬುದು ಬೇರೆ ಬೇರೆ. ಗೊಂಚಲು ಮೂಡುವಾಗ ಚಳಿ ಜೋರಾದರೆ ಗಂಡು ಹೂವೇ ಹೆಚ್ಚು.

ಪರಾಗ ಹೊರುವ ಕೂಲಿಯಾಳು ಯಾರು? ಜೇನು ಎಂದೀರಿ. ಜೇನೂ ಬರುತ್ತದೆ, ಆದರೆ ಮಾವಿನಲ್ಲಿ ದೊಡ್ಡ ಪಾಲು ನಾವು ಹೇಸಿಕೊಂಡು ಓಡಿಸುವ ನೊಣಗಳದ್ದು! ತೈವಾನಿನಲ್ಲಿ ಬೆಳೆಗಾರರು ಮಾವಿನ ತೋಪಿಗೆಂದೇ ನೊಣ ಸಾಕುವುದುಂಟು.

ಅಪಾಯವಿರುವುದೂ ಇಲ್ಲೇ. ಜಿಗಿಹುಳು, ಬೂದಿರೋಗ ಕಂಡೊಡನೆ ಪೂರ್ತಿ ಅರಳಿದ ಮರಕ್ಕೆ ಕೀಟನಾಶಕ ಹೊಡೆದರೆ ಜಿಗಿಹುಳುವಿನ ಜತೆ ನೊಣ, ಜೇನುಗಳೂ ಸಾಯುತ್ತವೆ. ಬೂದಿರೋಗಕ್ಕಂತೂ ಕೀಟದ ಮದ್ದಿನಿಂದ ಏನೂ ಆಗದು, ಅದು ಶಿಲೀಂಧ್ರ. ಜಿಗಿಹುಳುವಿಗೆ ಹೊಡೆಯಲೇಬೇಕಾದರೆ ಗೊಂಚಲು ಮೂಡಿ ಹೂ ಅರಳುವ ಮೊದಲು, ಇಲ್ಲವೇ ಮಿಡಿ ಕಚ್ಚಿದ ಮೇಲೆ.

ನಮ್ಮ ಗುಡ್ಡದ ಗೇರುಮರವೂ ಮಾವಿನ ಕುಟುಂಬದ್ದೇ. ಅದರ ಗೊಂಚಲಿನಲ್ಲೂ ಇದೇ ಎರಡು ಬಗೆಯ ಹೂಗಳಿವೆ.