ಸಾಧನನಾಮದ ಮೂಲಕ ವೆಬ್‌ಕ್ಯಾಮೆರಾ ಆಯ್ಕೆ

ಒಂದೇ ಗಣಕಕ್ಕೆ ಹಲವು ವೆಬ್‌ಕ್ಯಾಮೆರಾಗಳನ್ನು ಜೋಡಿಸಿರುವಾಗ, ಬೇಕಾದ ಕ್ಯಾಮೆರಾವನ್ನು ಅದರ ಹೆಸರಿನಿಂದ ಗುರುತಿಸಿ ತೆರೆಯುವ ಕ್ರಮವೇ ಸಾಧನನಾಮದ ಮೂಲಕ ವೆಬ್‌ಕ್ಯಾಮೆರಾ ಆಯ್ಕೆ. ಚಿತ್ರಗಳನ್ನು ವಿಶ್ಲೇಷಿಸುವ ಗಣಕ ದೃಷ್ಟಿ (ಕಂಪ್ಯೂಟರ್ ವಿಷನ್) ತಂತ್ರಾಂಶಗಳಲ್ಲಿ ಇದರ ಅಗತ್ಯ ಹೆಚ್ಚು.

ಸಮಸ್ಯೆಯ ಸ್ವರೂಪ

ಈ ಕ್ಷೇತ್ರದಲ್ಲಿ ಬಹುಬಳಕೆಯಲ್ಲಿರುವ ಓಪನ್‌ಸಿವಿ ಎಂಬ ತಂತ್ರಾಂಶ ಸಂಗ್ರಹವು ಕ್ಯಾಮೆರಾಗಳನ್ನು ಸಾಮಾನ್ಯವಾಗಿ 0, 1, 2 ಎಂಬ ಕ್ರಮಸಂಖ್ಯೆಗಳಿಂದ ಕರೆಯುತ್ತದೆ. ಈ ಸಂಖ್ಯೆ ಕ್ಯಾಮೆರಾದ ಸ್ವಂತ ಗುರುತಲ್ಲ. ಕಾರ್ಯಾಚರಣ ವ್ಯವಸ್ಥೆಯು ಸಾಧನಗಳನ್ನು ಪಟ್ಟಿಮಾಡಿದ ಸರದಿ ಮಾತ್ರ. ಶಾಲೆಯ ಹಾಜರಿ ಪುಸ್ತಕವನ್ನು ಹೊಸದಾಗಿ ಬರೆದಾಗ ಮಕ್ಕಳ ಕ್ರಮಸಂಖ್ಯೆ ಬದಲಾಗುವಂತೆ, ಗಣಕವನ್ನು ಮರಳಿ ಚಾಲೂ ಮಾಡಿದಾಗ ಇದೂ ಬದಲಾಗಬಹುದು. ತಂತ್ರಾಂಶವೇ ಸೃಷ್ಟಿಸುವ ಕಾಲ್ಪನಿಕ ಕ್ಯಾಮೆರಾ ಕೂಡ ಪಟ್ಟಿಯಲ್ಲಿ ಒಂದು ಸ್ಥಾನವನ್ನು ಪಡೆಯುತ್ತದೆ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಲಸಿಯು ಕದಂಬರ ತಾಮ್ರಶಾಸನಗಳಿಗೆ ಹೆಸರಾದ ಊರು. ಅಂತಹ ಶಾಸನದ ಪಡಿಯಚ್ಚಿನಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶವೊಂದನ್ನು ಊಹಿಸಿಕೊಳ್ಳಬಹುದು. ಲ್ಯಾಪ್‌ಟಾಪಿನ ಕ್ಯಾಮೆರಾ ಎದುರು ಕುಳಿತವರ ಮುಖವನ್ನು ನೋಡುತ್ತಿರುತ್ತದೆ; ಮೇಲೆ ಅಳವಡಿಸಿದ ಕ್ಯಾಮೆರಾ ಪಡಿಯಚ್ಚನ್ನು ನೋಡುತ್ತಿರುತ್ತದೆ. ಸಂಖ್ಯೆಗಳು ಅದಲುಬದಲಾದರೆ ತಂತ್ರಾಂಶವು ಯಾವ ದೋಷಸೂಚನೆಯನ್ನೂ ನೀಡದೆ, ಅವರಿಗೆ ಅರಿವಿಲ್ಲದಂತೆಯೇ ಮುಖವನ್ನು ಚಿತ್ರೀಕರಿಸಿ ಕಡತದಲ್ಲಿ ಉಳಿಸಬಹುದು. ಕ್ಯಾಮೆರಾ ತೆರೆಯದಿರುವುದಕ್ಕಿಂತ ಇದು ಹೆಚ್ಚು ಅಪಾಯಕರ.

ಲಿನಕ್ಸ್

ಲಿನಕ್ಸ್‌ನಲ್ಲಿ ಪರಿಹಾರ ಸುಲಭ. ಸಾಧನಗಳ ಕೋಶದಲ್ಲಿರುವ 'ವಿ4ಎಲ್' ಎಂಬ ಉಪಕೋಶದೊಳಗೆ 'ಬೈ-ಐಡಿ' ಮತ್ತು 'ಬೈ-ಪಾತ್' ಎಂಬ ಎರಡು ವಿಭಾಗಗಳಿರುತ್ತವೆ. ಮೊದಲನೆಯದರಲ್ಲಿ ತಯಾರಕರ ಹೆಸರು, ಮಾದರಿ ಹಾಗೂ ಲಭ್ಯವಿದ್ದರೆ ಸರಣಿ ಸಂಖ್ಯೆ ಸೇರಿದ ಹೆಸರು ದೊರೆಯುತ್ತದೆ. ಓಪನ್‌ಸಿವಿಗೆ ಕ್ರಮಸಂಖ್ಯೆಯ ಬದಲು, ಆ ಹೆಸರು ಸೂಚಿಸುವ ನಿಜವಾದ ಸಾಧನದ ವಿಳಾಸವನ್ನು ಕೊಡಬಹುದು. ಒಂದೇ ಕ್ಯಾಮೆರಾಕ್ಕೆ ಎರಡು ನಮೂದುಗಳು ಕಾಣಿಸಿದರೆ ಬೆರಗಾಗಬೇಕಿಲ್ಲ: ಲಿನಕ್ಸ್ ತಿರುಳಿನ 4.16ನೇ ಆವೃತ್ತಿಯಿಂದೀಚೆಗೆ ಎರಡನೆಯದು ಸಾಮಾನ್ಯವಾಗಿ ಚಿತ್ರದ ಜೊತೆಗಿನ ಮಾಹಿತಿಗೆ ಮೀಸಲು. ಅದರಿಂದ ಚಿತ್ರ ಬಾರದು.

ವಿಂಡೋಸ್

ಇಲ್ಲಿ ಓಪನ್‌ಸಿವಿ ನೇರವಾಗಿ ಹೆಸರನ್ನು ಸ್ವೀಕರಿಸುವುದಿಲ್ಲ. ಮೊದಲು ಡೈರೆಕ್ಟ್‌ಶೋ ವ್ಯವಸ್ಥೆಯಿಂದ ಹೆಸರುಗಳ ಪಟ್ಟಿಯನ್ನು ಪಡೆದು, ಬೇಕಾದ ಹೆಸರಿನ ಸ್ಥಾನವನ್ನು ಕಂಡುಕೊಂಡು, ಡೈರೆಕ್ಟ್‌ಶೋ ಮೂಲಕವೇ ಕ್ಯಾಮೆರಾವನ್ನು ತೆರೆಯಬೇಕು. ಮೀಡಿಯಾ ಫೌಂಡೇಶನ್ ಎಂಬ ಇನ್ನೊಂದು ವ್ಯವಸ್ಥೆಯ ಸರದಿ ಬೇರೆಯಿರಬಹುದು. ಎಫ್‌ಎಫ್‌ಎಂಪೆಗ್ ತಂತ್ರಾಂಶವಾದರೋ ಡೈರೆಕ್ಟ್‌ಶೋ ಸಾಧನದ ಹೆಸರನ್ನೇ ಸ್ವೀಕರಿಸುತ್ತದೆ.

ಒಂದೇ ಮಾದರಿಯ ಕ್ಯಾಮೆರಾಗಳು

ಒಂದೇ ಮಾದರಿಯ ಎರಡು ಕ್ಯಾಮೆರಾಗಳಿದ್ದರೆ ಹೆಸರೂ ಒಂದೇ ಆಗಿರುತ್ತದೆ. ಸರಣಿ ಸಂಖ್ಯೆಗಳು ಭಿನ್ನವಾಗಿದ್ದರೆ ಅವುಗಳಿಂದ ಗುರುತಿಸಬಹುದು. ಅಗ್ಗದ ಕ್ಯಾಮೆರಾಗಳಲ್ಲಿ ಅದು ಹಲವು ಬಾರಿ ಇರುವುದೇ ಇಲ್ಲ. ಆಗ ಉಳಿಯುವುದು 'ಬೈ-ಪಾತ್'. ಅದು ಕ್ಯಾಮೆರಾವನ್ನಲ್ಲ, ತಂತಿಯನ್ನು ಸಿಕ್ಕಿಸಿದ ಯುಎಸ್‌ಬಿ ಕಿಂಡಿಯನ್ನು ಗುರುತಿಸುತ್ತದೆ. ಆದ್ದರಿಂದ ತಂತಿಗೂ ಕಿಂಡಿಗೂ ಚೀಟಿ ಅಂಟಿಸಿಡುವುದು ಉಪಯುಕ್ತ.