ಯಶಸ್ವಿನಿ: ಕಟ್ಟುವ ಮುಂಚೆ ತಿಳಿದಿರಲಿ

ಮಳೆ ನಂಬಿ ಬದುಕೋ ಮನೆಯಲ್ಲಿ ಒಂದು ಆಪರೇಷನ್ ಬಂತೆಂದರೆ ಎತ್ತೋ ಕುರಿಯೋ ಸಂತೆಗೆ ಹೋಗುತ್ತೆ. ಸಾಲದಿದ್ದರೆ ಹೊಲ ಆಧಾರಕ್ಕೆ. ಇದನ್ನು ತಪ್ಪಿಸಲೆಂದೇ ಸಹಕಾರ ಸಂಘಗಳ ರೈತರಿಗೆ 2003ರಲ್ಲಿ ಯಶಸ್ವಿನಿ ಶುರುವಾಯಿತು. ಆಗ ತಲೆಗೆ ವರ್ಷಕ್ಕೆ 60 ರೂಪಾಯಿ. ಡಾ. ದೇವಿ ಶೆಟ್ಟಿಯವರ ಲೆಕ್ಕ ಸರಳ: ಲಕ್ಷಾಂತರ ಜನ ಚೂರುಚೂರು ಹಾಕಿದರೆ, ಕಾಯಿಲೆ ಬಿದ್ದ ಕೆಲವರ ಖರ್ಚು ಹುಟ್ಟುತ್ತೆ. 2018ರಲ್ಲಿ ನಿಂತ ಯೋಜನೆ 2022-23ರಲ್ಲಿ ಮತ್ತೆ ಜಾರಿಗೆ ಬಂತು.

ಆಗಿನ ನಿಯಮ ಹೀಗೆ. ಹಾಲಿನ ಡೇರಿ, ಸೊಸೈಟಿ ಇಂಥ ಯಾವುದಾದರೂ ಸಹಕಾರ ಸಂಘದ ಸದಸ್ಯರಾಗಿರಬೇಕು. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂ., ಹೆಚ್ಚಿನ ಪ್ರತಿ ತಲೆಗೆ 100. ಪಟ್ಟಣದಲ್ಲಿ 1000, ಹೆಚ್ಚಿನ ತಲೆಗೆ 200. ಪರಿಶಿಷ್ಟ ಜಾತಿ, ಪಂಗಡದವರ ಕಂತು ಸರ್ಕಾರದ್ದು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಅದೂ ಪಟ್ಟಿಯಲ್ಲಿರೋ ಆಸ್ಪತ್ರೆಯಲ್ಲಿ ಮಾತ್ರ.

ಬಹಳ ಜನ ಕೇಳೋದು, "ಕಾಯಿಲೆ ಬರದಿದ್ರೆ ದುಡ್ಡು ವಾಪಸ್ಸಾ?" ಅಂತ. ಇಲ್ಲ. ಇದು ಉಳಿತಾಯದ ಖಾತೆಯಲ್ಲ, ವಿಮೆ. ನಮ್ಮ ದುಡ್ಡು ಪಕ್ಕದೂರಿನವನ ಆಪರೇಷನ್ನಿಗೆ ಹೋಗುತ್ತೆ. ನಾಳೆ ಅವನದು ನಮಗೆ. ಪ್ರತಿವರ್ಷ ನವೀಕರಿಸಬೇಕು. ನೋಂದಣಿ ಗಡುವು ಮುಗಿದ ಮೇಲೆ ಹೊಟ್ಟೆ ನೋವು ಬಂತೆಂದು ಓಡಿದರೆ ಆಗೋದಿಲ್ಲ.

ಬಸ್ ಚಾರ್ಜು, ಜ್ವರದ ಮಾತ್ರೆ, ಕೂಲಿ ತಪ್ಪಿದ ದಿನ ಇವೆಲ್ಲ ನಮ್ಮ ಕೈಯಿಂದಲೇ. ಅದಕ್ಕೆ ಬೇರೆ ಗಂಟು ಬೇಕು. ರಾಗಿ, ಶೇಂಗಾ ಮಾರಿದ ದಿನವೇ ಎರಡಕ್ಕೂ ದುಡ್ಡು ಎತ್ತಿಡಿ. ಈ ಸಲದ ದರ, ಗಡುವನ್ನು ಸಂಘದ ಕಾರ್ಯದರ್ಶಿಯನ್ನು ಕೇಳಿ. ಕಟ್ಟಿದ ರಸೀದಿ ಜೋಪಾನ.