ಸರ್ಕಾರಿ ಕಾಮಗಾರಿಗೆ ರೈತರ ವಂತಿಗೆ ಏಕೆ?

ಪ್ರಶ್ನೆ: ಸುಜಲ ಜಲಾನಯನ ಯೋಜನೆಯಲ್ಲಿ ಬದು ಹಾಕಿಸಿದ್ದು ಸರ್ಕಾರ. ಆದರೂ ಬಡ ರೈತರಿಂದಲೂ ವಂತಿಗೆ ಕೇಳಿದ್ದೇಕೆ? — ಓದುಗರೊಬ್ಬರು, ಹೊಸದುರ್ಗ

ಉತ್ತರ: ವಿಶ್ವಬ್ಯಾಂಕ್ ನೆರವಿನ ಸುಜಲ 2001ರಿಂದ 2009ರವರೆಗೆ ಚಿತ್ರದುರ್ಗ, ತುಮಕೂರು, ಕೋಲಾರ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಮಳೆನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ. ಮೇಲಿನ ಹೊಲದ ಬದು ಒಡೆದರೆ ಕೆಳಗಿನವನ ಮಣ್ಣೂ ಹಳ್ಳ ಸೇರುತ್ತದೆ. ಹಾಗಾಗಿ ಕೆಲಸ ದಿಣ್ಣೆಯಿಂದ ಶುರುವಾಗಿ ಹಳ್ಳದತ್ತ ಇಳಿಯಬೇಕು. ನಡುವೆ ಒಬ್ಬ ಒಪ್ಪದಿದ್ದರೂ ಕೊಂಡಿ ತಪ್ಪುತ್ತದೆ. ಒಪ್ಪಿಸುವುದು ಎಂಜಿನಿಯರ್ ಒಬ್ಬರ ಕೈಲಾಗುವ ಮಾತೇ?

ಅದಕ್ಕೇ ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದ ಮೊದಲು ಊರವರ ಸಂಘ ಕಟ್ಟಿಸಿದರು. ಇಂಥ ಯೋಜನೆಗಳ ಸಭೆಯಲ್ಲಿ ಊರ ಬಯಲಲ್ಲೇ ರಂಗೋಲಿ ಪುಡಿಯಿಂದ ನಕ್ಷೆ ಬಿಡಿಸುವುದು ರೂಢಿ: ಇದು ಹಳ್ಳ, ಇದು ಗೋಮಾಳ, ಇಲ್ಲಿ ಕೊರಕಲು. ಓದು ಬಾರದ ಅಜ್ಜಿಯೂ "ಗೆರೆ ಅಲ್ಲಲ್ಲಪ್ಪ, ಈ ಕಡೆ ಎಳಿ" ಎನ್ನಬಹುದು.

ಇನ್ನು ವಂತಿಗೆ. ಚೀಟಿಗೆ ದುಡ್ಡು ಕಟ್ಟಿದವನು ಲೆಕ್ಕ ಕೇಳದೆ ಬಿಡುವುದಿಲ್ಲವಲ್ಲ, ಹಾಗೆ ಇದು. ತನ್ನ ಪಾಲು ಕೊಟ್ಟ ರೈತ ಬದುವಿನ ಎತ್ತರ ಅಳೆದು ನೋಡುತ್ತಾನೆ, ಕುಸಿದರೆ ತಾನೇ ಮಣ್ಣೆಳೆಯುತ್ತಾನೆ. ಕಾಸಿಲ್ಲದವರು ದುಡಿಮೆಯ ರೂಪದಲ್ಲೂ ಸಲ್ಲಿಸಬಹುದಿತ್ತು.

ಹೊಲವೇ ಇಲ್ಲದವರಿಗೆ ಬದುವಿನಿಂದೇನು? ಅವರಿಗಾಗಿ ಸ್ವಸಹಾಯ ಗುಂಪು ಕಟ್ಟಿ, ಸಣ್ಣಪುಟ್ಟ ಕಸುಬಿಗೆ ನೆರವು ಕೊಟ್ಟರು. ಆದರೂ ಜಲಾನಯನ ಕೆಲಸಗಳ ದೊಡ್ಡ ಲಾಭ ಜಮೀನು ಇದ್ದವರಿಗೇ ಸಲ್ಲುತ್ತದೆ.